ಮೂಳೆ ಸಮೇತ ಎಮ್ಮೆ ಪಕ್ಕೆಯ ರೋಸ್ಟ್: ಅಂಗಡಿಯಲ್ಲಿ ಹೇಗೆ ಕೊಯ್ಯಿಸಬೇಕು, ಮನೆಯಲ್ಲಿ ಹೇಗೆ ಬೇಯಿಸಬೇಕು?

ರಾಬರ್ಟ್‌ಸನ್‌ಪೇಟೆ ಮೊಮ್ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕೆಜಿಎಫ್‌ನವಳು, ರಾಬರ್ಟ್‌ಸನ್‌ಪೇಟೆ. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ಅಜ್ಜಿ ಮದುವೆಯಾದ ಹೊಸದರಲ್ಲಿ ಗಣಿ ಅಧಿಕಾರಿಯೊಬ್ಬರ ಬಂಗಲೆಗೆ ಅಡುಗೆ ಸಹಾಯಕ್ಕೆ ಹೋಗುತ್ತಿದ್ದರು. ಆ ಮನೆಯ ಆಂಗ್ಲೋ ಇಂಡಿಯನ್ ಅಮ್ಮನವರಿಂದ ಕಲಿತದ್ದು ಈ ರೋಸ್ಟ್. ಕ್ರಿಸ್‌ಮಸ್ ದಿನ ನಾವು ಚರ್ಚಿನಿಂದ ಬರುವಷ್ಟರಲ್ಲಿ ಹಿತ್ತಲಲ್ಲಿ ದಪ್ಪ ತಳದ ಪಾತ್ರೆ, ಮುಚ್ಚಳದ ಮೇಲೆ ಕೆಂಡ, ಒಳಗೆ ಮೂಳೆ ಸಮೇತ ಪಕ್ಕೆಯ ದೊಡ್ಡ ತುಂಡು. ನಾನು ಆಗ ತುಂಬಾ ಚಿಕ್ಕವಳು. ಕಾಳುಮೆಣಸಿನ ವಾಸನೆ ಮಾತ್ರ ನೆನಪಿದೆ. 2001ರಲ್ಲಿ ಗಣಿ ಮುಚ್ಚಿತು. ಮನೆಯಲ್ಲಿ ಕೈ ಬಿಗಿಯಾಯಿತು. ಅಷ್ಟು ದೊಡ್ಡ ತುಂಡು ತರೋದು ನಿಂತೇ ಹೋಯಿತು.

ಅಜ್ಜಿಗೆ ಈಗ 84. ಹೋದ ಕ್ರಿಸ್‌ಮಸ್‌ಗೆ ಅವರಿಗೋಸ್ಕರ ನಾನೇ ಮಾಡೋಣ ಅಂತ ಹೊರಟೆ. ಅಂಗಡಿಗೆ ಹೋಗಿ, ಮೂರು ಪಕ್ಕೆಲುಬು ಇರೋ ಹಾಗೆ ಒಂದೇ ತುಂಡು ಕೊಡಿ ಅಂದೆ. ಅವರು ಹೂಂ ಅಂದರು. ನಾನು ದುಡ್ಡು ಎಣಿಸಿ ತಲೆ ಎತ್ತುವಷ್ಟರಲ್ಲಿ ಮಚ್ಚಿನಿಂದ ಅಡ್ಡಕ್ಕೆ ಎರಡು ಏಟು ಹಾಕಿ ಆಗಿತ್ತು. ಕೂಗಿ ನಿಲ್ಲಿಸಿದೆ. ಎರಡೂವರೆ ಕೆಜಿ ತಂದು ತೊಳೆದು ನೋಡಿದರೆ ಬಾಡಿನೊಳಗೆಲ್ಲ ಮೂಳೆ ಚೂರು.

ದನದ ಪಕ್ಕೆ ರೋಸ್ಟ್ ಮಾಡೋ ಹೊರದೇಶದ ಒಂದು ವಿಡಿಯೋ ನೋಡಿ, ಅದರಲ್ಲಿ ಹೇಳಿದ ಹಾಗೇ ಮಾಡಿದೆ. ಓವನ್ 230 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 160ಕ್ಕೆ ಇಳಿಸಿ, ನಡುವೆ ಚುಚ್ಚಿದ ಥರ್ಮಾಮೀಟರ್ 54 ತೋರಿಸಿದಾಗ ತೆಗೆದೆ. ನೋಡೋಕೆ ಥೇಟ್ ಅದೇ ಥರ. ಹೊರಗೆ ಕಂದು, ಒಳಗೆ ಗುಲಾಬಿ. ಆದರೆ ಅಗಿಯೋಕೆ ಆಗಲಿಲ್ಲ. ಅಪ್ಪ, ಇನ್ನೂ ಬೆಂದಿಲ್ಲ ಅಂತ ಮತ್ತೆ ಅರ್ಧ ಗಂಟೆ ಒಳಗಿಟ್ಟರು. ಇನ್ನೂ ಗಟ್ಟಿಯಾಯಿತು, ಒಣಗಿಯೂ ಹೋಯಿತು. ಅಜ್ಜಿ ಏನೂ ಹೇಳಲಿಲ್ಲ. ಬಾಯಲ್ಲಿದ್ದ ಚೂರನ್ನು ಸೆರಗಿನ ಮರೆಯಲ್ಲಿ ತೆಗೆದು ತಟ್ಟೆಯ ಅಂಚಿಗಿಟ್ಟರು. ಅದನ್ನು ಮರೆಯೋಕೆ ಆಗುತ್ತಿಲ್ಲ.

ಈ ಸಲ ಸರಿಯಾಗಿ ಮಾಡಬೇಕು. ಅಂಗಡಿಯಲ್ಲಿ ಯಾವ ಜಾಗ ಕೇಳಬೇಕು, ಏನಂತ ಹೇಳಿ ಕೊಯ್ಯಿಸಬೇಕು? ಹೋದ ಸಲ ತಪ್ಪಿದ್ದು ಎಲ್ಲಿ? ಅಜ್ಜಿಯನ್ನು ಕೇಳಿದರೆ "ಕೈಗೆ ಗೊತ್ತಾಗುತ್ತೆ" ಅಂತಾರೆ, ಅಷ್ಟೇ. ನನ್ನ ಕೈಗೆ ಇನ್ನೂ ಗೊತ್ತಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.


ಬಂಗಾರಪೇಟೆ ಅಡುಗೆಮನೆ ಬರೆದದ್ದು:

ಓದಿ ಬೇಜಾರಾಯಿತು ಕಣಮ್ಮ. ನಾನು ದೊಡ್ಡ ಬಾಡು, ಅಂದರೆ ಎಮ್ಮೆದು, ತಂದಾಗೆಲ್ಲ ಪರಂಗಿಕಾಯಿ ಅರೆದು ಹಚ್ಚಿ ಎರಡು ಗಂಟೆ ಇಡುತ್ತೇನೆ. ಆಮೇಲೆ ಕುಕ್ಕರ್‌ನಲ್ಲಿ ಎಂಟು ವಿಷಲ್. ಸಾರಿಗೆ, ಪಲ್ಯಕ್ಕೆ ಯಾವತ್ತೂ ಕೈ ಕೊಟ್ಟಿಲ್ಲ. ಮೂಳೆ ಜೊತೆ ಇಡೀ ತುಂಡು ನಾನು ಮಾಡಿದವಳಲ್ಲ. ಆದರೂ ಕುಕ್ಕರ್‌ನಲ್ಲಿ ಮೊದಲು ಬೇಯಿಸಿಕೊಂಡು ಆಮೇಲೆ ಓವನ್ನಿಗೆ ಇಟ್ಟರೆ ಆಗಬಹುದು ಅನಿಸುತ್ತೆ. ಅಜ್ಜಿಗೆ ಹಲ್ಲು ಇಲ್ಲ ಅಂದರೆ ಮೆತ್ತಗಾಗೋದು ಮುಖ್ಯ, ಅಲ್ವಾ?


ಚಿಂತಾಮಣಿ ಬಾಡಿನಂಗಡಿ ಬರೆದದ್ದು:

ಮೊಮ್ಮಗಳೇ, ನಿಮ್ಮ ಬರಹವನ್ನು ರಾತ್ರಿ ಎರಡು ಸಲ ಓದಿದೆ. ನಮ್ಮದು ಮೂರು ತಲೆಮಾರಿನ ಬಾಡಿನ ಅಂಗಡಿ. ನಡುವೆ 7 ವರ್ಷ ನಾನು ದುಬೈನಲ್ಲಿ ಒಂದು ಹೋಟೆಲಿನ ಮಾಂಸದ ವಿಭಾಗದಲ್ಲಿದ್ದೆ. ನೀವು ವಿಡಿಯೋದಲ್ಲಿ ನೋಡಿದ ಆ ರೋಸ್ಟನ್ನು ದಿನಾ ಕೊಯ್ದವನು ನಾನು. ಊರಿಗೆ ಬಂದ ಮೇಲೆ ಎಮ್ಮೆ ಬಾಡಿನಲ್ಲಿ ಅದನ್ನೇ ಮಾಡಲು ಹೋಗಿ, ನನಗೂ ಮೊದಲ ಸಲ ನಿಮಗಾದದ್ದೇ ಆಯಿತು. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಮಾತು. ನಿಮ್ಮ ಕೈ ತಪ್ಪಿಲ್ಲ. ಆ ವಿಡಿಯೋದ ದನದ ವಯಸ್ಸು ಒಂದೂವರೆ ಎರಡು ವರ್ಷ. ನಿಮ್ಮ ಪಾತ್ರೆಗೆ ಬಂದದ್ದು 13 ವರ್ಷ ದಾಟಿದ ಎಮ್ಮೆ. ನಮ್ಮ ರಾಜ್ಯದಲ್ಲಿ 2021ರ ಜನವರಿಯಿಂದ ಹೊಸ ಕಾನೂನು ಇದೆ. ಹಸು, ಎತ್ತು, ಹೋರಿ, ಕರು ಯಾವುದನ್ನೂ ಕಡಿಯುವ ಹಾಗಿಲ್ಲ. ಎಮ್ಮೆ ಕೋಣ ಮಾತ್ರ, ಅದೂ 13 ವರ್ಷ ದಾಟಿರಬೇಕು, ಅಧಿಕಾರಿಯ ಪ್ರಮಾಣಪತ್ರ ಇರಬೇಕು. ಪತ್ರ ಇರೋ ಅಂಗಡಿಯಲ್ಲೇ ತಗೊಳ್ಳಿ. ಅಂದರೆ ನಿಮಗೆ ಸಿಗೋದು ಯಾವತ್ತಿದ್ದರೂ ಬಲಿತ ಬಾಡೇ. ಹತ್ತು ವರ್ಷ ಹಾಲು ಕೊಟ್ಟು, ಕರು ಹಾಕಿ, ಕೆರೆಗೆ ಹೋಗಿ ಬಂದ ಮೈ ಅದು. ಅದರ ನಾರನ್ನು ಒಟ್ಟಿಗೆ ಹಿಡಿದಿಡೋ ಬಿಳಿ ಪೊರೆ ಇದೆಯಲ್ಲ, ಕೊಲಾಜನ್ ಅಂತಾರೆ, ಅದು ವಯಸ್ಸಾದ ಹಾಗೆ ಒಂದಕ್ಕೊಂದು ಗಂಟು ಬೀಳುತ್ತಾ ಹೋಗುತ್ತೆ. ಎಳೆ ದನದಲ್ಲಿ ಆ ಗಂಟು ಸಡಿಲ. 54 ಡಿಗ್ರಿಯಲ್ಲಿ ತೆಗೆದರೂ ಹಲ್ಲಿಗೆ ಸಿಗುತ್ತೆ. ನಮ್ಮ ಎಮ್ಮೆಯಲ್ಲಿ ಅದು ಕರಗಬೇಕು ಅಂದರೆ 70 ದಾಟಿ, ಗಂಟೆಗಟ್ಟಲೆ ಅಲ್ಲೇ ಇರಬೇಕು.

ನಿಮ್ಮ ತಂದೆ ಮತ್ತೆ ಒಳಗಿಟ್ಟರು ಅಂದಿರಿ. ಅದು ಸರಿಯಾದ ದಾರಿಯೇ. ಆದರೆ ಅರ್ಧ ದಾರಿಯಲ್ಲಿ ಇಳಿಸಿದಿರಿ. 60ರಿಂದ 70ರ ನಡುವೆ ನಾರು ಬಿಗಿದುಕೊಂಡು ನೀರನ್ನು ಹಿಂಡಿ ಹೊರಗೆ ಹಾಕುತ್ತೆ. ಪೊರೆ ಇನ್ನೂ ಕರಗಿರೋದಿಲ್ಲ. ಅತಿ ಕೆಟ್ಟ ಹಂತ ಅದು. ಅಲ್ಲಿ ಹೆದರಿ ಇಳಿಸಬಾರದು. ಮುಂದಕ್ಕೆ ಹೋಗಬೇಕು.

ಈಗ ಕೊಯ್ಯೋ ವಿಷಯ. ಇದನ್ನು ನಿಧಾನವಾಗಿ ಓದಿ.

ಎಮ್ಮೆಗೆ ಒಂದು ಕಡೆಗೆ 13 ಪಕ್ಕೆಲುಬು. ಮುಂದಿನ ಐದು ಭುಜದ ಹಲಗೆ ಮೂಳೆಯ ಅಡಿಗೆ ಹೋಗುತ್ತವೆ. ಕೊನೆಯದು ಸೊಂಟದ ಕಡೆಗೆ. ನಡುವಿನ ಏಳು, ಅಂದರೆ 6ರಿಂದ 12, ಇದೇ ರೋಸ್ಟಿನ ಜಾಗ. ಹೊರದೇಶದಲ್ಲಿ 10, 11, 12 ಅತಿ ದುಬಾರಿ. ಸೊಂಟದ ಪಕ್ಕ, ಒಂದೇ ದೊಡ್ಡ ಗುಂಡು ಬಾಡು, ಕೊಬ್ಬು ಕಮ್ಮಿ, ನೋಡೋಕೆ ಚೆಂದ. ವಿಡಿಯೋದವರು ಅದನ್ನೇ ಕೇಳಿ ಅಂತಾರೆ. ನೀವು ಕೇಳಬೇಡಿ. ಅಲ್ಲಿ ಕರಗೋಕೆ ಪೊರೆಯೂ ಕಮ್ಮಿ, ಕೊಬ್ಬೂ ಕಮ್ಮಿ. ನಾಲ್ಕು ಗಂಟೆ ಬೇಯಿಸಿದರೆ ಸೌದೆ ಸಿಗಿದ ಹಾಗೆ ಒಣ ಒಣ ಎಳೆ ಆಗುತ್ತೆ. ನಿಮಗೆ ಬೇಕಾದದ್ದು ಭುಜದ ಕಡೆಯದು, 6, 7, 8. ಅಲ್ಲಿ ಮೂರು ನಾಲ್ಕು ಬೇರೆ ಬೇರೆ ಬಾಡು ಒಂದರ ಮೇಲೊಂದು ಮಲಗಿರುತ್ತೆ. ನಡುನಡುವೆ ಕೊಬ್ಬು, ಪೊರೆ. ನೋಡೋಕೆ ಅಷ್ಟು ಚೆಂದ ಇರಲ್ಲ. ಬೇಯುತ್ತಾ ಬೇಯುತ್ತಾ ಅದೇ ಎಲ್ಲಕ್ಕಿಂತ ಮೆತ್ತಗಾಗುತ್ತೆ.

ಅಂಗಡಿಯವರಿಗೆ ನಂಬರ್ ಹೇಳಿದರೆ ಗೊತ್ತಾಗದೇ ಇರಬಹುದು. ಹೀಗೆ ಹೇಳಿ: "ಹಿಂದಿನಿಂದ ಎಣಿಸಿ ಐದು ಪಕ್ಕೆಲುಬು ಬಿಡಿ, ಆರನೆಯದರಿಂದ ಮೂರು ನನಗೆ. ಬೆನ್ನುಮೂಳೆ ಸೇರಿಸಿ ಒಂದೇ ತುಂಡು. ಮಚ್ಚು ಬೇಡ, ಗರಗಸ." ಮಚ್ಚು ಮೂಳೆಯನ್ನು ಕತ್ತರಿಸಲ್ಲ, ಒಡೆಯುತ್ತೆ. ಅದರ ಚೂರೇ ನಿಮಗೆ ಸಿಕ್ಕಿದ್ದು. ಗರಗಸ ಇಲ್ಲ ಅಂದರೆ ನೀವೇ ಒಂದು ಹೊಸ ಕಬ್ಬಿಣ ಕೊಯ್ಯೋ ಗರಗಸ ತಗೊಂಡು, ಬ್ಲೇಡನ್ನು ಬಿಸಿನೀರು ಸೋಪಿನಲ್ಲಿ ತೊಳೆದು ಒಯ್ಯಿರಿ. ನಮ್ಮಪ್ಪನಿಗೂ ಅದೇ ಇದ್ದದ್ದು. ಭಾನುವಾರ ಮಾತ್ರ ಹೋಗಬೇಡಿ. ಭಾನುವಾರ ಹತ್ತು ಜನ ಕವರ್ ಹಿಡಿದು ನಿಂತಿರುತ್ತಾರೆ, ಯಾರಿಗೂ ಪಕ್ಕೆಲುಬು ಎಣಿಸೋ ವ್ಯವಧಾನ ಇರಲ್ಲ. ಹಿಂದಿನ ದಿನವೇ ಹೇಳಿಟ್ಟು, ವಾರದ ನಡುವೆ, ಬೆಳಗ್ಗೆ ಆರಕ್ಕೇ ಹೋಗಿ. ಪಕ್ಕೆ ಇನ್ನೂ ಕೊಕ್ಕೆಯಲ್ಲಿ ಇಡಿಯಾಗಿ ನೇತಾಡ್ತಿರಬೇಕು. ಕೊರಡಿನ ಮೇಲೆ ಬಿದ್ದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಪಕ್ಕೆಲುಬಿನ ಉದ್ದ ಎಷ್ಟು ಅಂತ ಕೇಳುತ್ತಾರೆ. ನಡುವಿನ ಗುಂಡು ಬಾಡು ಮುಗಿದ ಜಾಗದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಲು ಹೇಳಿ. ಅದರ ಕೆಳಗಿನದನ್ನು ಬಿಡಬೇಡಿ, ಸಣ್ಣ ತುಂಡು ಮಾಡಿಸಿ ಸಾರಿಗೆ ಒಯ್ಯಿರಿ. ತುಂಬಾ ರುಚಿ. ರೋಸ್ಟಿನ ತುಂಡು ನಮ್ಮ ಎಮ್ಮೆಯಲ್ಲಿ ಹೆಚ್ಚುಕಮ್ಮಿ 3 ಕೆಜಿ ಬರಬಹುದು.

ಮನೆಗೆ ಬಂದ ಮೇಲೆ ನಿಮ್ಮ ಕೆಲಸ. ಒಂದು ಸಣ್ಣ ಚೂರಿಯನ್ನು ಚೆನ್ನಾಗಿ ಮಸೆದುಕೊಳ್ಳಿ. ತುಂಡನ್ನು ಪಕ್ಕೆಲುಬು ಕೆಳಗೆ ಬರೋ ಹಾಗೆ ಇಡಿ. ಬೆನ್ನಿನ ಕಡೆ, ಮೇಲಿನ ಕೊಬ್ಬಿನ ಕೆಳಗೆ, ಹಳದಿ ಬಣ್ಣದ ಒಂದು ಪಟ್ಟಿ ಕಾಣುತ್ತೆ. ಹೆಬ್ಬೆರಳ ದಪ್ಪ. ಎಳೆದರೆ ರಬ್ಬರಿನ ಹಾಗೆ ಹಿಗ್ಗಿ ಮತ್ತೆ ವಾಪಸ್ ಹೋಗುತ್ತೆ. ಕತ್ತನ್ನು ಎತ್ತಿ ಹಿಡಿಯೋ ನರ ಅದು. ಅದನ್ನು ಇಡಿಯಾಗಿ ತೆಗೆದುಬಿಡಿ. ಬಿಳಿ ಪೊರೆ ಕೊಲಾಜನ್, ಅದು ಕರಗುತ್ತೆ. ಈ ಹಳದಿಯದು ಇಲಾಸ್ಟಿನ್. ನಾಲ್ಕು ಗಂಟೆ ಅಲ್ಲ, ನಾಲ್ಕು ದಿನ ಬೇಯಿಸಿದರೂ ಕರಗಲ್ಲ. ಒಂದು ತುದಿಯನ್ನು ಚೂರಿಯಿಂದ ಎಬ್ಬಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು ಎಳೆಯುತ್ತಾ, ಚೂರಿಯನ್ನು ಅದರ ಅಡಿಗೆ ಒರೆಸಿದ ಹಾಗೆ ಆಡಿಸಿ. ನಮ್ಮಪ್ಪ ಹುಣಸೆ ಕೊರಡಿನ ಮೇಲೆ ಇದನ್ನು ಒಂದೇ ಎಳೆತಕ್ಕೆ ತೆಗೆಯುತ್ತಿದ್ದರು. ನನಗೆ ಇವತ್ತಿಗೂ ಎರಡು ಎಳೆತ ಬೇಕು.

ಹಾಗೇ ಭುಜದ ಕಡೆಯ ತುದಿಯಲ್ಲಿ ಬೆರಳಿಗೆ ಒಂದು ಗಟ್ಟಿ ಬಿಲ್ಲೆ ತಾಗಬಹುದು. ಹಲಗೆ ಮೂಳೆಯ ಅಂಚಿನ ಮೃದು ಎಲುಬು. ಇದ್ದರೆ ತೆಗೆಯಿರಿ. ಕೊಬ್ಬನ್ನು ಮಾತ್ರ ಕೆರೆಯಬೇಡಿ. ಎಮ್ಮೆ ಕೊಬ್ಬು ಬಿಳಿ, ಗಟ್ಟಿ. ಅದು ಮೇಲಿದ್ದರೆ ಬಾಡು ಒಣಗಲ್ಲ.

ಬೆನ್ನುಮೂಳೆಗೂ ಪಕ್ಕೆಲುಬಿಗೂ ಸೇರುವ ಜಾಗದಲ್ಲಿ ಗರಗಸ ಹಾಕಿ ಬೆನ್ನುಮೂಳೆ ಬಿಡಿಸಬೇಕು. ಇದನ್ನು ಮಾತ್ರ, ಮನೆಗೆ ತರುವ ಮೊದಲು, ಅಂಗಡಿಯವರ ಕೈಯಲ್ಲೇ ಮಾಡಿಸಿ. ಬಿಡಿಸಿದ್ದನ್ನು ಎಸೆಯಬೇಡಿ, ಪಾತ್ರೆಯ ತಳಕ್ಕೆ ಅದೇ ಹಾಸಿಗೆ. ಪಕ್ಕೆಲುಬು ಬಾಡಿಗೆ ಅಂಟಿಕೊಂಡೇ ಇರಲಿ. ಹತ್ತಿ ದಾರದಿಂದ ಎರಡು ಪಕ್ಕೆಲುಬಿನ ನಡುವೆ ಒಂದೊಂದು ಕಟ್ಟು, ಎರಡೂ ತುದಿಗೆ ಒಂದೊಂದು. ಭುಜದ ಕಡೆಯದು ಕಟ್ಟದೇ ಇದ್ದರೆ ಬೆಂದ ಮೇಲೆ ಬಾಡೆಲ್ಲ ಬಿಚ್ಚಿಕೊಂಡು ಮಲಗುತ್ತೆ. ನೈಲಾನ್ ದಾರ ಬೇಡ, ಕರಗುತ್ತೆ.

ಇನ್ನು ಫ್ರಿಜ್. ಬೆಳಗ್ಗೆ ಕಡಿದ ಬಾಡನ್ನು ಬಿಸಿ ಆರುವ ಮೊದಲೇ ಫ್ರೀಜರಿಗೆ ತುರುಕೋದು ನಮ್ಮ ಕಡೆ ಎಲ್ಲರೂ ಮಾಡೋ ತಪ್ಪು. ಇನ್ನೂ ಜೀವದ ಬಿಸಿ ಇರುವಾಗ ಜೋರು ಚಳಿ ತಾಗಿದರೆ ನಾರು ಸೆಟೆದುಕೊಳ್ಳುತ್ತೆ, ಆಮೇಲೆ ಬಿಡಲ್ಲ. ಕೆಳಗಿನ ಸಾದಾ ಫ್ರಿಜ್‌ನಲ್ಲಿಡಿ, 4 ಡಿಗ್ರಿಗಿಂತ ಜಾಸ್ತಿ ಆಗಬಾರದು. ಕೆಜಿಗೆ ಎರಡು ಟೀ ಚಮಚ ಪುಡಿ ಉಪ್ಪು, ಎಲ್ಲಾ ಕಡೆ ಸವರಿ, ಜಾಲರಿ ಮೇಲೆ ಇಟ್ಟು, ಕೆಳಗೆ ತಟ್ಟೆ. ಎರಡು ರಾತ್ರಿ ಹಾಗೇ ಬಿಡಿ. ಉಪ್ಪು ಒಳಗಿಳಿಯುತ್ತೆ, ಸತ್ತ ಮೇಲೆ ಬಂದ ಸೆಡವು ಬಿಡುತ್ತೆ, ಮೇಲ್ಮೈ ಒಣಗುತ್ತೆ. ಒಣಗಿದರೆ ಮಾತ್ರ ಬಾಣಲೆಯಲ್ಲಿ ಬಣ್ಣ ಬರೋದು.

ಬೇಯಿಸೋದು ನಿಮ್ಮ ಅಜ್ಜಿ ಮಾಡಿದ ಹಾಗೇ. ದಪ್ಪ ತಳದ, ಮುಚ್ಚಳ ಬಿಗಿಯಾಗಿ ಕೂರೋ ಪಾತ್ರೆ. ಮೊದಲು ಸ್ವಲ್ಪ ಎಣ್ಣೆಯಲ್ಲಿ ನಾಲ್ಕೂ ಕಡೆ ಕಂದು ಬರೋವರೆಗೆ ಹುರಿಯಿರಿ. ಇದಕ್ಕೆ 20 ನಿಮಿಷ ಹಿಡಿದರೂ ಪರವಾಗಿಲ್ಲ. ತೆಗೆದು ಪಕ್ಕಕ್ಕಿಡಿ. ಅದೇ ಎಣ್ಣೆಗೆ ನಾಲ್ಕು ದೊಡ್ಡ ಈರುಳ್ಳಿ, ಒಂದು ಇಡೀ ಬೆಳ್ಳುಳ್ಳಿ, ಕೈಬೆರಳಷ್ಟು ಶುಂಠಿ, ಒಂದು ದೊಡ್ಡ ಚಮಚ ಜಜ್ಜಿದ ಕಾಳುಮೆಣಸು, ಐದಾರು ಒಣಮೆಣಸಿನಕಾಯಿ, ಚಕ್ಕೆ. ಎರಡು ಚಮಚ ವಿನೆಗರ್. ಮೇಲೆ ಬೆನ್ನುಮೂಳೆ ಹಾಸಿ, ಅದರ ಮೇಲೆ ತುಂಡು. ಎರಡು ಬೆರಳು ಎತ್ತರಕ್ಕೆ ಬಿಸಿನೀರು, ಅಷ್ಟೇ. ಬಾಡು ನೀರಲ್ಲಿ ಮುಳುಗಬಾರದು. ಓವನ್ 150 ಡಿಗ್ರಿ, ಮುಚ್ಚಳ ಹಾಕಿ. ಗಂಟೆಗೊಮ್ಮೆ ಮಗುಚಿ. ಮೂರೂವರೆ ಗಂಟೆ ಅಂದುಕೊಳ್ಳಿ, ನಾಲ್ಕೂವರೆಗೆ ತಯಾರಾಗಿರಿ.

ಆಯಿತು ಅಂತ ತಿಳಿಯೋದು ಗಡಿಯಾರದಿಂದ ಅಲ್ಲ. ಥರ್ಮಾಮೀಟರ್ 90 ದಾಟಿರಬೇಕು. ಆಮೇಲೆ ಒಂದು ಫೋರ್ಕ್ ಚುಚ್ಚಿ ಅರ್ಧ ಸುತ್ತು ತಿರುಗಿಸಿ. ತಡೆ ಇಲ್ಲದೆ ತಿರುಗಿದರೆ ಆಯಿತು. ಬಾಡೆಲ್ಲ ಜೊತೆಗೇ ಸುತ್ತಿಕೊಂಡು ಬಂದರೆ ಇನ್ನೂ ಅರ್ಧ ಗಂಟೆ. ಗುಲಾಬಿ ಬಣ್ಣದ ಆಸೆ ಬಿಡಿ. ನಮ್ಮ ಬಾಡಿಗೆ ಅದು ಹೊಂದಲ್ಲ. ನಮ್ಮ ಕಡೆ ಬಾಡಿನಲ್ಲಿ ಲಾಡಿಹುಳದ ಮರಿ ಇರಬಹುದಾದ್ದರಿಂದ ಪೂರ್ತಿ ಬೇಯಿಸೋದೇ ಕ್ಷೇಮ.

ಬಂಗಾರಪೇಟೆ ಅಕ್ಕ ಹೇಳಿದ ಪರಂಗಿಕಾಯಿ ಸಣ್ಣ ತುಂಡಿಗೆ ಒಳ್ಳೆಯದು. ಮೂರು ಕೆಜಿ ತುಂಡಿನಲ್ಲಿ ಅದು ಹೊರಗಿನ ಅರ್ಧ ಬೆರಳನ್ನು ಹಿಟ್ಟು ಮಾಡುತ್ತೆ, ಒಳಗೆ ಮುಟ್ಟಲ್ಲ. ಕುಕ್ಕರ್ ಒಳಗೆ 120 ಡಿಗ್ರಿ ಹತ್ತಿರ ಹೋಗುತ್ತೆ. ಪೊರೆ ಬೇಗ ಕರಗುತ್ತೆ ನಿಜ, ಆದರೆ ನಾರು ಹಿಂಡಿಕೊಳ್ಳುತ್ತೆ. ಮೂಳೆ ಸಮೇತ ತುಂಡು ಅದರಲ್ಲಿ ಹಿಡಿಸೋದೂ ಇಲ್ಲ.


ಪಾವಗಡದ ಸೊಸೆ ಬರೆದದ್ದು:

ನಾವು ದೊಡ್ಡ ಬಾಡು ತಿನ್ನೋರಲ್ಲ. ಆದರೂ ಇದನ್ನು ಓದಿ ಒಂದು ಮಾತು ಹೇಳಬೇಕು ಅನಿಸಿತು. ನಮ್ಮೂರಲ್ಲಿ ಹೊಸತೊಡಕಿಗೆ ಕುರಿ ಕಡಿದು ಗುಡ್ಡೆ ಹಾಕುತ್ತಾರೆ. ಎಲ್ಲಾ ಭಾಗದ್ದೂ ಸ್ವಲ್ಪ ಸ್ವಲ್ಪ ಒಂದೊಂದು ಗುಡ್ಡೆಗೆ ಬರಬೇಕು, ಅದು ನ್ಯಾಯ. ಹಾಗಾಗಿ ಇಡೀ ಪಕ್ಕೆ ಒಬ್ಬರಿಗೇ ಸಿಗೋದೇ ಇಲ್ಲ. ಒಂದು ವರ್ಷ ನಾನು ನನ್ನ ಪಾಲಿನ ಗುಡ್ಡೆ ಬಿಟ್ಟುಕೊಟ್ಟು, ಬದಲಿಗೆ ಒಂದು ಕಡೆಯ ಪಕ್ಕೆ ಇಡಿಯಾಗಿ ಕೇಳಿ ತಗೊಂಡೆ. ಕುರಿಗೂ ಸಾಮಾನ್ಯವಾಗಿ 13 ಜೊತೆ ಪಕ್ಕೆಲುಬು. ಎಲ್ಲಾ ಚಿಕ್ಕದು. ಎಂಟು ಪಕ್ಕೆಲುಬಿನ ತುಂಡು ಒಂದು ಕೆಜಿಯ ಆಸುಪಾಸು. ಬೆನ್ನುಮೂಳೆ ಬಿಡಿಸೋದು, ದಾರ ಕಟ್ಟೋದು ಎಲ್ಲಾ ಅದರಲ್ಲಿ ಕೈ ಪಳಗಿಸಿಕೊಳ್ಳಬಹುದು. ಎಮ್ಮೆಗೆ ಕೈ ಹಾಕೋ ಮೊದಲು ಒಂದು ಸಲ ಕುರಿ ಪಕ್ಕೆಯಲ್ಲಿ ಮಾಡಿ ನೋಡಿ. ಕೆಟ್ಟರೂ ಸಾರು ಮಾಡಬಹುದು.


ರಾಬರ್ಟ್‌ಸನ್‌ಪೇಟೆ ಮೊಮ್ಮಗಳು ಮತ್ತೆ ಕೇಳಿದ್ದು:

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬಾ ತುಂಬಾ ಥ್ಯಾಂಕ್ಸ್. ಅಜ್ಜಿಗೆ ಓದಿ ಹೇಳಿದೆ. ಹಳದಿ ನರದ ವಿಷಯ ಬಂದ ಕೂಡಲೇ "ಅದನ್ನು ನಾನು ನಾಯಿಗೆ ಹಾಕುತ್ತಿದ್ದೆ" ಅಂದರು. ಇಷ್ಟು ದಿನ ಅದನ್ನು ನನಗೆ ಹೇಳಬೇಕು ಅಂತ ಅವರಿಗೆ ಹೊಳೆದೇ ಇರಲಿಲ್ಲ.

ಎರಡು ಸಂಶಯ. ನನ್ನದು ಸಣ್ಣ ಓಟಿಜಿ, ಮೇಜಿನ ಮೇಲಿಡೋ ಕರೆಂಟ್ ಓವನ್. ಮುಚ್ಚಳದ ಪಾತ್ರೆ ಒಳಗೆ ಹಿಡಿಸಲ್ಲ. ಗ್ಯಾಸ್ ಮೇಲೆ ಮಾಡಬಹುದಾ? ಇನ್ನೊಂದು, ಕ್ರಿಸ್‌ಮಸ್ ದಿನ ಬೆಳಗ್ಗೆ ಚರ್ಚಿಗೆ ಹೋಗಬೇಕು. ಹಿಂದಿನ ದಿನವೇ ಬೇಯಿಸಿ ಇಟ್ಟರೆ ರುಚಿ ಹೋಗುತ್ತಾ?


ಚಿಂತಾಮಣಿ ಬಾಡಿನಂಗಡಿ ಬರೆದದ್ದು:

ಹಿಂದಿನ ದಿನ ಬೇಯಿಸೋದೇ ಒಳ್ಳೆಯದು. ನಾನು ಮೊದಲೇ ಹೇಳಬೇಕಿತ್ತು. ಬೆಂದ ಬಾಡು ಅದೇ ರಸದಲ್ಲಿ ಆರಿದರೆ ಸ್ವಲ್ಪ ರಸವನ್ನು ವಾಪಸ್ ಕುಡಿಯುತ್ತೆ. ಬಿಸಿ ಬಿಸಿ ಇರುವಾಗ ಕೊಯ್ದರೆ ಮೂಳೆಯಿಂದ ಕಳಚಿ ಪುಡಿಯಾಗುತ್ತೆ. ತಣ್ಣಗಾದ ಮೇಲೆ ಕೊಯ್ದರೆ ಬೆರಳ ದಪ್ಪದ ಹೋಳು ನೀಟಾಗಿ ಬರುತ್ತೆ. ಮೇಲೆ ಕಟ್ಟಿದ ಬಿಳಿ ಕೊಬ್ಬನ್ನು ಚಮಚದಲ್ಲಿ ಎತ್ತಿ ತೆಗೆಯೋಕೂ ಸುಲಭ. ಎಮ್ಮೆ ಕೊಬ್ಬು ಸ್ವಲ್ಪ ತಣ್ಣಗಾದರೂ ನಾಲಿಗೆಗೆ, ಅಂಗುಳಕ್ಕೆ ಮೇಣದ ಹಾಗೆ ಅಂಟುತ್ತೆ. ವಯಸ್ಸಾದವರಿಗೆ ಅದು ಹಿತ ಆಗಲ್ಲ. ತೆಗೆದ ಕೊಬ್ಬನ್ನು ಎತ್ತಿಡಿ, ಆಲೂಗಡ್ಡೆ ಹುರಿಯೋಕೆ ಅದಕ್ಕಿಂತ ಒಳ್ಳೆಯದು ಇಲ್ಲ.

ಗ್ಯಾಸ್ ಮೇಲೆ ಧಾರಾಳವಾಗಿ ಆಗುತ್ತೆ. ಪಾತ್ರೆಯ ಕೆಳಗೆ ಹಳೇ ದೋಸೆ ಕಾವಲಿ ಇಡಿ, ಉರಿ ಪೂರ್ತಿ ಸಣ್ಣಗೆ. ಮುಚ್ಚಳ ಸಡಿಲ ಇದ್ದರೆ ಅಂಚಿಗೆ ಚಪಾತಿ ಹಿಟ್ಟು ಮೆತ್ತಿ. ಒಳಗೆ ಕುದಿ ಜೋರಾಗಬಾರದು. ಕಿವಿ ಕೊಟ್ಟು ಕೇಳಿ. ಗುಳ್ಳೆ ಆಗೊಂದು ಈಗೊಂದು ಏಳುವ ಸದ್ದು ಇದ್ದರೆ ಸರಿ. ಕೊತಕೊತ ಅಂದರೆ ಉರಿ ಜಾಸ್ತಿ. ಓವನ್ನಿಗಿಂತ ಗಮನ ಜಾಸ್ತಿ ಬೇಕು, ಅರ್ಧ ಗಂಟೆಗೊಮ್ಮೆ ಮಗುಚಬೇಕು. ನೀರು ತಳಕ್ಕೆ ಹೋದರೆ ಬಿಸಿನೀರೇ ಹಾಕಿ.

ರಾತ್ರಿ ಆರಿದ ಮೇಲೆ ಪಾತ್ರೆ ಸಮೇತ ಫ್ರಿಜ್ಜಿಗೆ. ಪಾತ್ರೆ ದೊಡ್ಡದು ಅಂತ ಬೆಳಗ್ಗೆವರೆಗೆ ಹೊರಗೆ ಬಿಡಬೇಡಿ. ಎರಡು ಗಂಟೆಯೊಳಗೆ ಒಳಗಿರಬೇಕು. ಹಿಡಿಸಲ್ಲ ಅಂದರೆ ಅಗಲದ ಸಣ್ಣ ಪಾತ್ರೆಗೆ ಬದಲಾಯಿಸಿ. ಚರ್ಚಿನಿಂದ ಬಂದ ಮೇಲೆ ಕೊಬ್ಬು ತೆಗೆದು, ಹೋಳು ಮಾಡಿ, ರಸದಲ್ಲಿ ಹಾಕಿ ಮುಚ್ಚಿ ಚೆನ್ನಾಗಿ ಕುದಿಯೋವರೆಗೆ ಬಿಸಿ ಮಾಡಿ. ಇಲ್ಲಿ ನಿಮ್ಮ ಓಟಿಜಿ ಕೆಲಸಕ್ಕೆ ಬರುತ್ತೆ. ಕೊನೆಗೆ ಹೋಳುಗಳನ್ನು ತಟ್ಟೆಯಲ್ಲಿ ಜೋಡಿಸಿ, 220 ಡಿಗ್ರಿಯಲ್ಲಿ ಹತ್ತು ನಿಮಿಷ. ಅಂಚು ಗರಿಯಾಗುತ್ತೆ. ತಟ್ಟೆಗಳನ್ನು ಬಿಸಿನೀರಲ್ಲಿ ಅದ್ದಿ ಒರೆಸಿ ಬಡಿಸಿ.

ಪಾವಗಡದ ಅಕ್ಕ ಹೇಳಿದ್ದು ಒಳ್ಳೆಯ ಮಾತು. ಕುರಿ ಪಕ್ಕೆಯಲ್ಲಿ ಕೈ ಪಳಗಿಸಿಕೊಳ್ಳಿ. ಒಂದು ವ್ಯತ್ಯಾಸ ನೆನಪಿರಲಿ. ಎಳೆ ಕುರಿಯ ಪಕ್ಕೆಗೆ ನಾಲ್ಕು ಗಂಟೆ ಬೇಡ. ಅದು ಆ ವಿಡಿಯೋ ಥರ ಬೇಗ ಬೇಯಿಸಿದರೂ ಮೆತ್ತಗಿರುತ್ತೆ.


ರಾಬರ್ಟ್‌ಸನ್‌ಪೇಟೆ ಮೊಮ್ಮಗಳು, ಡಿಸೆಂಬರ್ 27:

ಹೇಗಾಯಿತು ಅಂತ ಹೇಳಲೇಬೇಕು.

ಅಂಗಡಿಯವರಿಗೆ 20ನೇ ತಾರೀಕೇ ಹೇಳಿಟ್ಟಿದ್ದೆ. 22ರ ಬೆಳಗ್ಗೆ ಆರಕ್ಕೆ ಅಪ್ಪ ಮತ್ತು ನಾನು ಹೋದೆವು. ಚಳಿ ಅಂದರೆ ಚಳಿ, ಎದುರಿನ ಬೀದಿ ಕಾಣದಷ್ಟು ಮಂಜು. ಅವರು ನಮ್ಮ ಎದುರೇ ಪಕ್ಕೆಲುಬಿನ ಮೇಲೆ ಬೆರಳಿಟ್ಟು ಹಿಂದಿನಿಂದ ಎಣಿಸಿದರು. ಹೊಸ ಗರಗಸ ಕೊಟ್ಟೆ. ಮಚ್ಚು ಮುಟ್ಟಲಿಲ್ಲ. ಬೆನ್ನುಮೂಳೆಯನ್ನೂ ಬಿಡಿಸಿಕೊಟ್ಟರು. 2 ಕೆಜಿ 800 ಗ್ರಾಂ. ಮೂಳೆ ಕೊಯ್ದ ಜಾಗ ಕನ್ನಡಿ ಥರ ನುಣ್ಣಗಿತ್ತು.

ಹಳದಿ ನರ ತೆಗೆಯೋಕೆ ನನಗೆ ಕಾಲು ಗಂಟೆ ಹಿಡಿಯಿತು. ಎಳೆತ ಎಷ್ಟಾಯಿತು ಅಂತ ಎಣಿಸಲಿಲ್ಲ. ಅಜ್ಜಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ದಾರ ಕಟ್ಟುವಾಗ ನನ್ನ ಕೈ ತಳ್ಳಿ ಅವರೇ ಕಟ್ಟಿದರು. ಗಂಟು ಹಾಕೋ ಮುಂಚೆ ದಾರವನ್ನು ಎರಡು ಸಲ ಸುತ್ತುತ್ತಾರೆ, ಜಾರಬಾರದು ಅಂತ. ಬೆರಳು ನಡುಗುತ್ತಿತ್ತು. ಗಂಟು ಮಾತ್ರ ಬಿಗಿ.

24ರ ಮಧ್ಯಾಹ್ನ ಎರಡಕ್ಕೆ ಗ್ಯಾಸ್ ಮೇಲಿಟ್ಟೆ. ಕೆಳಗೆ ಕಾವಲಿ. ಐದೂವರೆಗೆ ಫೋರ್ಕ್ ತಿರುಗಿಸಿದೆ, ಬಾಡು ಜೊತೆಗೇ ಬಂತು. ಹೋದ ವರ್ಷದ್ದು ನೆನಪಾಗಿ ಎದೆ ಹೊಡೆದುಕೊಂಡಿತು. ನೀವು ಹೇಳಿದ ಹಾಗೆ ಕಾದೆ. ಆರೂವರೆಗೆ ಫೋರ್ಕ್ ಸುಮ್ನೆ ತಿರುಗಿತು. ತಪ್ಪು ಅಂದರೆ ಒಂದೇ. ರಸಕ್ಕೆ ಸ್ವಲ್ಪ ಸೋಯಾ ಸಾಸ್ ಹಾಕಿದ್ದೆ, ಉಪ್ಪು ಜಾಸ್ತಿಯಾಯಿತು. ನಾಲ್ಕು ಆಲೂಗಡ್ಡೆ ಹಾಕಿ, ಒಂದು ಲೋಟ ನೀರು ಸೇರಿಸಿ ಸರಿ ಮಾಡಿದೆ.

ಕ್ರಿಸ್‌ಮಸ್ ದಿನ ಹೋಳು ಮಾಡುವಾಗ ಚೂರಿ ತಾನಾಗೇ ಇಳಿಯಿತು. ಅಜ್ಜಿ ಮೊದಲು ಬೆರಳಿಂದ ಒತ್ತಿ ನೋಡಿದರು. ಆಮೇಲೆ ಬಾಯಿಗೆ ಹಾಕಿಕೊಂಡರು. ನಾನು ತಟ್ಟೆಯ ಅಂಚನ್ನೇ ನೋಡುತ್ತಿದ್ದೆ. ಅಲ್ಲಿಗೆ ಏನೂ ಬರಲಿಲ್ಲ. ಎರಡು ಹೋಳು ತಿಂದರು. ಮೂರನೆಯದಕ್ಕೆ ಮೂಳೆ ಕಡೆಯದು ಬೇಕು ಅಂದರು.

26ರ ಬೆಳಗ್ಗೆ ಫ್ರಿಜ್ ತೆಗೆದರೆ ಉಳಿದ ರಸ ಗಟ್ಟಿಯಾಗಿ, ಅಲುಗಿಸಿದರೆ ಅಲುಗುವ ಹಾಗೆ ಕೂತಿತ್ತು. ಅಜ್ಜಿ ಅದನ್ನು ನೋಡಿ, "ಮುದ್ದೆಗೆ ಎಸರಿಡು" ಅಂದರು.